ಮನೆಯಲ್ಲೇ ಬಾನುಲಿ ಕೇಂದ್ರ ಕಟ್ಟಿದ ಮೇಷ್ಟ್ರು

ಅಗರ, ಮಾಂಬಳ್ಳಿ ಕಡೆಯ ರೈತರಿಗೆ ಆಕಾಶವಾಣಿಯ ಕೃಷಿ ಕಾರ್ಯಕ್ರಮ ಹೊಸದೇನಲ್ಲ. ಭತ್ತದ ತಳಿ, ಬೆಳೆಯ ರೋಗ, ಮಳೆಯ ಮುನ್ಸೂಚನೆ ಎಲ್ಲವನ್ನೂ ರೇಡಿಯೊ ಕೇಳಿಯೇ ತಿಳಿದುಕೊಂಡ ತಲೆಮಾರು ನಮ್ಮಲ್ಲಿದೆ. ಮೈಸೂರು ಸೀಮೆಯಲ್ಲಿ ಆ ದನಿಗೆ ಮೊದಲು ದಾರಿ ಮಾಡಿಕೊಟ್ಟವರು ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ.

1896ರಲ್ಲಿ ಜನಿಸಿದ ಅವರು ಲಂಡನ್ನಿನಲ್ಲಿ ಪ್ರಸಿದ್ಧ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಸಂಶೋಧನೆ ಮಾಡಿದರು. 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾದಾಗ ಅದನ್ನು ಕಟ್ಟಿ ಬೆಳೆಸುವ ಹೊಣೆ ಹೊತ್ತರು. ಮುಂದೆ ಅದೇ ಕಾಲೇಜಿನ ಪ್ರಾಂಶುಪಾಲರೂ ಆದರು. ಇಷ್ಟಕ್ಕೇ ತೃಪ್ತರಾಗಿದ್ದರೂ ಅವರದು ಗೌರವದ ಬದುಕೇ ಆಗಿರುತ್ತಿತ್ತು.

ಆದರೆ ಓದು ಬರಹ ಬಾರದ ಜನರಿಗೂ ಜ್ಞಾನ ತಲುಪಿಸಬಲ್ಲ ಸಾಧನವೊಂದು ಅವರ ಕಣ್ಣಿಗೆ ಬಿದ್ದಿತ್ತು. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ 30 ವ್ಯಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು, ಸ್ವಂತ ಖರ್ಚಿನಲ್ಲಿ ಪ್ರಸಾರ ಆರಂಭಿಸಿದರು. ಆಗ ದೆಹಲಿಯಲ್ಲೂ ರೇಡಿಯೊ ಕೇಂದ್ರ ಶುರುವಾಗಿರಲಿಲ್ಲ. ಮೈಸೂರಿನ ಈ ಕೇಂದ್ರಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೊ ಇದೇ ಹೆಸರನ್ನು ತನ್ನದಾಗಿಸಿಕೊಂಡಿತು. ಕವಿಗಳು, ಸಂಗೀತಗಾರರು, ವಿದ್ವಾಂಸರು ಆ ಮನೆಗೆ ಬಂದು ಮೈಕಿನ ಮುಂದೆ ಕುಳಿತರು. ಸಾಹಿತಿ ನಾ. ಕಸ್ತೂರಿ ಅವರೂ ಕೆಲಸಕ್ಕೆ ಕೈಜೋಡಿಸಿದರು.

ಮನೆಯ ಹಣದಲ್ಲಿ ರೇಡಿಯೊ ಕೇಂದ್ರವನ್ನು ಬಹುಕಾಲ ನಡೆಸುವುದು ಸುಲಭವಲ್ಲ. ಮೈಸೂರು ಪುರಸಭೆ ನೆರವಿಗೆ ಬಂತು. 1940ರ ದಶಕದ ಆರಂಭದಲ್ಲಿ ಸಂಸ್ಥಾನದ ಸರ್ಕಾರವೇ ಕೇಂದ್ರವನ್ನು ವಹಿಸಿಕೊಂಡಿತು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೊಗೆ ಸೇರಿತು. 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡು, ಮೈಸೂರಿಗೆ ತನ್ನ ಕೇಂದ್ರವೇ ಇಲ್ಲದಂತಾಯಿತು. ಅದಾಗಿ ಎರಡು ವರ್ಷಕ್ಕೆ, 1957ರಲ್ಲಿ ಗೋಪಾಲಸ್ವಾಮಿ ತೀರಿಕೊಂಡರು. 1974ರಲ್ಲಿ ಮೈಸೂರಿಗೆ ಮತ್ತೆ ಆಕಾಶವಾಣಿ ಬಂದದ್ದನ್ನು ನೋಡಲು ಅವರಿರಲಿಲ್ಲ.

ಹಸಿರು ಕ್ರಾಂತಿಯ ಕಾಲದಲ್ಲಿ, 1966ರಿಂದ, ಆಕಾಶವಾಣಿಯಲ್ಲಿ ರೈತರಿಗೆಂದೇ ‘ಫಾರ್ಮ್ ಅಂಡ್ ಹೋಮ್’ ಘಟಕಗಳು ಆರಂಭವಾದವು. ಹೊಸ ತಳಿ, ಗೊಬ್ಬರ, ಔಷಧದ ಮಾತು ಹೊಲದ ಬದುವಿನವರೆಗೂ ಬಂತು. ನೆರೆರಾಜ್ಯದ ತಂಜಾವೂರಿನ ರೈತರಂತೂ ರೇಡಿಯೊದಿಂದ ಪರಿಚಯವಾದ ಭತ್ತದ ತಳಿಯೊಂದನ್ನು ‘ರೇಡಿಯೊ ಭತ್ತ’ ಎಂದೇ ಕರೆದರು. ಕೃಷಿ ವಾರ್ತೆ ಓದುವುದು, ರೈತರನ್ನು ಮಾತನಾಡಿಸುವುದು ಅನೇಕರಿಗೆ ಉದ್ಯೋಗವಾಯಿತು.

ಗೋಪಾಲಸ್ವಾಮಿ ಟ್ರಾನ್ಸ್‌ಮಿಟರ್ ತಂದಾಗ ನಮ್ಮ ಊರುಗಳಲ್ಲಿ ಅಂಥದ್ದೊಂದು ಉದ್ಯೋಗವಿದೆ ಎಂಬ ಕಲ್ಪನೆಯೂ ಇರಲಿಲ್ಲ. ಪದವಿ ಮುಗಿಸಿ ನೇಮಕಾತಿ ಅಧಿಸೂಚನೆಗಾಗಿ ಕಾಯುತ್ತಿರುವ ನಾವು ಪರೀಕ್ಷೆಗೆ ಓದೋಣ, ಅರ್ಜಿಯನ್ನೂ ಹಾಕೋಣ. ಜತೆಗೆ, ನಮ್ಮ ಊರಿಗೆ ಏನು ಬೇಕಾಗಿದೆ, ಅದನ್ನು ನಮ್ಮ ಮನೆಯಿಂದಲೇ ಶುರು ಮಾಡಬಹುದೇ ಎಂದೂ ಒಮ್ಮೆ ಯೋಚಿಸೋಣ.