ಅಭಿನವ ಕಾಳಿದಾಸ ಬಸವಪ್ಪಶಾಸ್ತ್ರಿಗಳವರ ವಿದ್ಯಾವ್ಯಾಸಂಗ

ಕಪಿಲಾನದಿಯು ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯನ್ನು ಬಳಸಿ ಹರಿದು ತಿರುಮಕೂಡಲಿನಲ್ಲಿ ಕಾವೇರಿಯೊಡನೆ ಸಂಗಮಿಸುವಳು. ಆ ಸಂಗಮಕ್ಕೆ ಸಮೀಪದಲ್ಲಿಯೇ ಸೋಸಲೆಯೆಂಬ ಗ್ರಾಮವುಂಟು. ಮುಮ್ಮಡಿ ಕೃಷ್ಣರಾಜ ಒಡೆಯರವರ ಆಸ್ಥಾನವಿದ್ವಾಂಸರಾಗಿದ್ದ ಗರಳಪುರಿಶಾಸ್ತ್ರಿಗಳದು ಸೋಸಲೆಯ ಮನೆತನ. ಗರಳಪುರಿಯೆಂಬುದು ನಂಜನಗೂಡಿನ ಸಂಸ್ಕೃತನಾಮವಷ್ಟೆ. ಈ ಗುರುಗಳ ಬಳಿ ಸಂಸ್ಕೃತವನ್ನು ವ್ಯಾಸಂಗಮಾಡಿ ಕನ್ನಡಕ್ಕೆ ಕೀರ್ತಿತಂದವರು ವೀರಶೈವಕುಲದೀಪಕರಾದ ಬಸವಪ್ಪಶಾಸ್ತ್ರಿಗಳವರು.

ಇವರು 1843ರಲ್ಲಿ ಬೆಂಗಳೂರು ಸೀಮೆಯ ನಾರುಸಂದ್ರವೆಂಬ ಗ್ರಾಮದಲ್ಲಿ ಜನಿಸಿದರು. ತಂದೆ ಮಹಾದೇವಶಾಸ್ತ್ರಿಗಳು. ಬಾಲ್ಯದಲ್ಲಿಯೇ ಮೈಸೂರಿನ ಅರಮನೆಯ ಆಶ್ರಯವು ದೊರೆಯಿತು.

ಅಂದಿನ ಪಾಠಕ್ರಮವು ಇಂದಿನ ವಿದ್ಯಾರ್ಥಿಗಳಿಗೆ ಕಠಿನವೆಂದು ತೋರಬಹುದು. ಮೊದಲು ಶಬ್ದರೂಪ, ಧಾತುರೂಪ, ಅಮರಕೋಶಗಳನ್ನು ಕಂಠಸ್ಥಮಾಡಬೇಕು. ಅನಂತರ ರಘುವಂಶಾದಿ ಕಾವ್ಯಗಳು. ಅವು ನೆಲೆಗೊಂಡಮೇಲೆ ನಾಟಕ, ಅಲಂಕಾರ. ಒಂದೊಂದು ಶ್ಲೋಕಕ್ಕೂ ಪದಚ್ಛೇದ, ಪದಾರ್ಥ, ವಿಗ್ರಹ, ಅನ್ವಯಗಳನ್ನು ಹೇಳಿ, ಆಕ್ಷೇಪವನ್ನೆತ್ತಿ ಸಮಾಧಾನವನ್ನು ಕೊಡಬೇಕು. ನಿನ್ನೆಯ ಪಾಠದ ಚಿಂತನೆಯು ಮುಗಿಯದೆ ಹೊಸಪಾಠವಿಲ್ಲ. ಬರಿಯ ಕಂಠಪಾಠವೆಂದು ಇದನ್ನು ಹಳಿಯುವವರು ಅನ್ವಯಕ್ರಮವನ್ನು ಅರಿಯದವರೇ ಸರಿ. ಇಂತಹ ಶಿಕ್ಷಣದ ಬಲದಿಂದ ಬಸವಪ್ಪಶಾಸ್ತ್ರಿಗಳು ಎಳೆಯ ವಯಸ್ಸಿನಲ್ಲಿಯೇ ಕೃಷ್ಣರಾಜಾಭ್ಯುದಯವೆಂಬ ಕಾವ್ಯವನ್ನು ರಚಿಸಿ ದೊರೆಯ ಮನ್ನಣೆಗೆ ಪಾತ್ರರಾದರು. 1868ರಲ್ಲಿ ಮುಮ್ಮಡಿಯವರು ಸ್ವರ್ಗಸ್ಥರಾದರು. ಮುಂದೆ ಚಾಮರಾಜೇಂದ್ರ ಒಡೆಯರವರಿಗೆ ಶಾಸ್ತ್ರಿಗಳೇ ವಿದ್ಯಾಗುರುಗಳಾದರು.

ಆಗ ಸಾಂಗ್ಲಿಯ ಮರಾಠಿ ನಾಟಕಮಂಡಲಿಯು ಮೈಸೂರಿಗೆ ಬಂದು ಜನರ ಮನಸ್ಸನ್ನು ಸೂರೆಗೊಂಡಿತ್ತು. ರಂಗಕ್ಕೆ ತಕ್ಕ ನಾಟಕಗಳು ಕನ್ನಡದಲ್ಲಿ ಇಲ್ಲವೆನ್ನುವಷ್ಟು ವಿರಳ. ಅರಮನೆಯ ಆಶ್ರಯದಲ್ಲಿ ಕನ್ನಡ ನಾಟಕಸಭೆಯು ಏರ್ಪಟ್ಟಾಗ, ಅದರ ಮಾನವನ್ನು ಕಾಯುವ ಭಾರವು ಬಹುಮಟ್ಟಿಗೆ ಶಾಸ್ತ್ರಿಗಳವರ ಮೇಲೆಯೇ ಬಿದ್ದಿತು. ಕಾಳಿದಾಸನ ಏಳಂಕದ ಶಾಕುಂತಲವನ್ನು ಅವರು ಕನ್ನಡಿಸಿದರು. ಸಂಸ್ಕೃತಶ್ಲೋಕದಲ್ಲಿ ಪ್ರಾಸನಿಯಮವಿಲ್ಲ, ಕನ್ನಡಪದ್ಯದಲ್ಲಾದರೋ ನಾಲ್ಕು ಪಾದಗಳ ಎರಡನೆಯ ಅಕ್ಷರವೂ ಒಂದೇ ವ್ಯಂಜನವಾಗಿರತಕ್ಕುದು. ಪ್ರಾಸವನ್ನು ಹುಡುಕಹೋದರೆ ಅರ್ಥವು ಕೆಡುವುದು. ಅರ್ಥವನ್ನು ಹಿಡಿದರೆ ಪ್ರಾಸವು ತಪ್ಪುವುದು. ಮೂಲವು ಕರತಲಾಮಲಕವಾಗಿದ್ದವರಿಗಲ್ಲದೆ ಇದು ಸಾಧ್ಯವಲ್ಲ. ಅಭಿನವ ಕಾಳಿದಾಸನೆಂಬ ಬಿರುದು ಅವರಿಗೆ ಸಂದುದು ಉಚಿತವೇ. ವಿಕ್ರಮೋರ್ವಶೀಯ, ಉತ್ತರರಾಮಚರಿತೆ, ರತ್ನಾವಳಿ, ಮಾಲತೀಮಾಧವ, ಚಂಡಕೌಶಿಕಗಳೂ, ಭರ್ತೃಹರಿಯ ಸುಭಾಷಿತಗಳೂ ಅವರಿಂದ ಕನ್ನಡಕ್ಕೆ ಬಂದುವು.

ಇವೆಲ್ಲಕ್ಕಿಂತಲೂ ವಿದ್ಯಾರ್ಥಿಗಳು ಗಮನಿಸತಕ್ಕುದು ಶೂರಸೇನಚರಿತ್ರೆ. ಇದರ ಮೂಲವು ಷೇಕ್ಸ್‌ಪಿಯರ್ ಮಹಾಕವಿಯ ಒಥೆಲೋ ನಾಟಕ. ಶಾಸ್ತ್ರಿಗಳಿಗೆ ಇಂಗ್ಲಿಷ್ ಬಾರದು. ಸಿ. ಸುಬ್ಬರಾಯರು ಮೂಲದ ಅರ್ಥವನ್ನು ವಿವರಿಸಿ ಹೇಳಿದುದನ್ನು ಕೇಳಿ ಅವರು ಕನ್ನಡದಲ್ಲಿ ರಚಿಸಿದರು. ಗುರುಮುಖದಿಂದ ಕೇಳಿ ಕೇಳಿ ಪಳಗಿದ ಕಿವಿಗೆ ಪರದೇಶದ ಕವಿಯೂ ಹೊರಗಿನವನಾಗಲಿಲ್ಲ. ಹೆಸರುಗಳನ್ನೂ ಸನ್ನಿವೇಶಗಳನ್ನೂ ದೇಶೀಯವಾಗಿ ಮಾರ್ಪಡಿಸಿದುದು ಸರಿಯೋ ಎಂದು ಪಂಡಿತರು ಚರ್ಚಿಸಬಹುದು. ಆ ಕಾಲದ ಪ್ರೇಕ್ಷಕರಿಗಂತೂ ಅದೇ ಸುಗಮವಾಗಿದ್ದಿತು.

ಮೈಸೂರು ಸಂಸ್ಥಾನದ ಗೀತೆಯಾಗಿದ್ದ ಕಾಯೌ ಶ್ರೀಗೌರಿಯೂ ಇವರದೇ ಕೃತಿ. 1891ರಲ್ಲಿ, ಐವತ್ತು ತುಂಬುವ ಮೊದಲೇ, ಶಾಸ್ತ್ರಿಗಳವರು ಲಿಂಗೈಕ್ಯರಾದರು. ಅವರ ಗುರುಪುತ್ರರಾದ ಸೋಸಲೆ ಅಯ್ಯಾಶಾಸ್ತ್ರಿಗಳು 1934ರವರೆಗೆ ಬಾಳಿ ತಾವೂ ಕಾವ್ಯನಾಟಕಗಳನ್ನು ರಚಿಸಿದರು. ಕನ್ನಡನಾಡಿನ ಶಾಲೆಗಳಲ್ಲಿ ತಲೆಮಾರುಗಳಿಂದ ಮಕ್ಕಳು ಹಾಡುತ್ತ ಬಂದ ಪ್ರಾರ್ಥನಾಗೀತವು ಅವರದು.