ಒಂದು ಅಂಕದ ಪ್ರಶ್ನೆಯಾಚೆ ಕಿಟ್ಟೆಲ್

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆ ನನ್ನೂರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಭಾನುವಾರ ಚರ್ಚಿನಲ್ಲಿ ಎರಡೂ. ಡಿಗ್ರಿ ಮುಗಿದು ಎರಡು ವರ್ಷವಾಯಿತು. ಕಳೆದ ಸಲ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರಿಲ್ಲವೆಂದು ಗೊತ್ತಾದ ಮೇಲೆ ಪ್ರಾರ್ಥನೆಗೆ ಕೂತರೂ ಮಾತು ಹೊರಡುತ್ತಿರಲಿಲ್ಲ. ದೇವರ ಮೇಲೆ ಕೋಪವೇನಿಲ್ಲ, ಬರೀ ಸುಸ್ತು. ಅಮ್ಮ ಕರೆಯುತ್ತಾಳೆಂದು ಚರ್ಚಿಗೆ ಹೋಗಿ ಕೊನೇ ಸಾಲಿನಲ್ಲಿ ಕೂತು ಎದ್ದು ಬರುತ್ತಿದ್ದೆ.

ಆಗಲೇ ಕನ್ನಡ ಪತ್ರಿಕೆಗೆಂದು ಫರ್ಡಿನೆಂಡ್ ಕಿಟ್ಟೆಲ್ ಬಗ್ಗೆ ಟಿಪ್ಪಣಿ ಮಾಡಿಕೊಳ್ಳಬೇಕಾಯಿತು. ಗೈಡಿನಲ್ಲಿದ್ದದ್ದು ಒಂದೇ ಸಾಲು: ಕನ್ನಡ–ಇಂಗ್ಲಿಷ್ ನಿಘಂಟು, 1894. ಒಂದು ಅಂಕದ ಪ್ರಶ್ನೆ. ಲೈಬ್ರರಿಯಲ್ಲಿ ಅವರ ಬದುಕಿನ ಬಗ್ಗೆ ಸ್ವಲ್ಪ ಓದಿದೆ. ಆ ಒಂದು ಸಾಲಿನ ಹಿಂದೆ ನಲವತ್ತು ವರ್ಷದ ದಣಿವಿತ್ತು.

ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ಕರಾವಳಿಯ ರೆಸ್ಟರ್‌ಹಾಫೆಯಲ್ಲಿ. ಬಾಸೆಲ್ ಮಿಷನ್ ಸೇರಿ 1853ರಲ್ಲಿ ಭಾರತಕ್ಕೆ ಬಂದಾಗ ವಯಸ್ಸು 21, ಅಂದರೆ ನನಗಿಂತ ಚಿಕ್ಕವರು. ಬಂದದ್ದು ಸುವಾರ್ತೆ ಸಾರಲು. ಜನರೊಡನೆ ಬೆರೆಯಬೇಕಾದರೆ ಅವರ ಭಾಷೆ, ಸಾಹಿತ್ಯ, ನಡೆನುಡಿ ಎಲ್ಲ ತಿಳಿಯಬೇಕು ಎಂಬುದು ಅವರ ಹಟ. ಇದು ಜೊತೆಯ ಮಿಷನರಿಗಳಿಗೆ ಹಿಡಿಸಲಿಲ್ಲ. ಮಿಷನ್ ಬಯಸಿದ ರೀತಿಯ ಫಲವೂ ಅವರ ಕೈಗೆ ಹತ್ತಲಿಲ್ಲ. ಬಂದ ಕೆಲಸದಲ್ಲೇ ಸೋತವರೆಂಬ ಮಾತು ಕೇಳಿಕೊಂಡು ಅವರು ಇಲ್ಲಿ ಉಳಿದರು.

1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು. ಎರಡೇ ವರ್ಷಕ್ಕೆ ಹೆಂಡತಿ ಪೌಲಿನ್ ತೀರಿಕೊಂಡರು. ಮುಂದೆ ಆಕೆಯ ತಂಗಿ ಜೂಲಿಯನ್ನು ಮದುವೆಯಾದರು. ಮನೆ ಮತ್ತೆ ನಿಂತಿತು, ಕೆಲಸವೂ ನಿಲ್ಲಲಿಲ್ಲ. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಅವರ ಸಂಪಾದನೆಯಲ್ಲಿ ಹೊರಬಂದವು. ನಮ್ಮ ಹಳೆಯ ತಾಳೆಗರಿಗಳ ಮುಂದೆ ಒಬ್ಬ ಜರ್ಮನ್ ಪಾದ್ರಿ ಕೂತಿರುವುದನ್ನು ಒಮ್ಮೆ ಊಹಿಸಿಕೊಳ್ಳಿ.

ಇದರ ನಡುವೆಯೇ ನಿಘಂಟಿನ ಭಾರ ಹೆಗಲೇರಿತ್ತು. 1877ರಲ್ಲಿ ಜರ್ಮನಿಗೆ ಮರಳಿದರು. ಅಲ್ಲೇ ನೆಮ್ಮದಿಯಾಗಿ ಇದ್ದುಬಿಡಬಹುದಿತ್ತು. ಆದರೆ ಪದಗಳ ಅರ್ಥ ಜನರ ಬಾಯಲ್ಲೇ ಸಿಗಬೇಕು, ಇಲ್ಲಿನ ಪಂಡಿತರ ನೆರವು ಬೇಕು ಎಂದು 1883ರಲ್ಲಿ, 51ನೇ ವಯಸ್ಸಿನಲ್ಲಿ ಮತ್ತೆ ಹಡಗು ಹತ್ತಿದರು. ಕಣ್ಣು ಮಂಜಾಗುತ್ತಾ ಬಂತು, ಆರೋಗ್ಯ ಕೈಕೊಟ್ಟಿತು. ಆದರೂ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಸುಮಾರು 70,000 ಪದಗಳ ನಿಘಂಟು ಹೊರಬಂತು. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಕನ್ನಡ ವ್ಯಾಕರಣವೂ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗನ್‌ನಲ್ಲೇ ತೀರಿಕೊಂಡರು. ಕನ್ನಡ ನೆಲಕ್ಕೆ ಕಾಲಿಟ್ಟು ಆಗ ಸರಿಯಾಗಿ ಐವತ್ತು ವರ್ಷ.

ಲೈಬ್ರರಿಯಲ್ಲಿ ಆ ನಿಘಂಟಿನ ಮರುಮುದ್ರಣ ಬಿಡಿಸಿ ನೋಡಿದೆ. ಕನ್ನಡ ಪದದ ಪಕ್ಕದಲ್ಲೇ ತಮಿಳು, ತೆಲುಗು, ತುಳು, ಮಲಯಾಳದ ಸೋದರ ಪದಗಳು. ಎರಡು ಭಾಷೆಗಳ ಗಡಿಯಲ್ಲಿ ಬೆಳೆದ ನನಗೆ ಅದು ನಮ್ಮ ಮನೆ ಜಗುಲಿಯಂತೆ ಕಂಡಿತು.

ಕಿಟ್ಟೆಲ್ ಅವರಿಗೆ ಎಂದೂ ಬೇಸರ ಬಂದಿರಲಿಲ್ಲ ಎಂದು ನಾನು ನಂಬುವುದಿಲ್ಲ. ಬಂದಿದ್ದ ದಿನವೂ ಅವರು ಮುಂದಿನ ಪದ ಬರೆದಿರಬೇಕು. ವಿಶ್ವಾಸ ಅಂದರೆ ಸದಾ ಹುರುಪು ಎಂದುಕೊಂಡಿದ್ದೆ. ಹುರುಪು ಇಲ್ಲದಾಗಲೂ ಜಾಗ ಬಿಟ್ಟು ಏಳದಿರುವುದೂ ವಿಶ್ವಾಸವೇ ಎಂದು ಈಗ ಅನ್ನಿಸುತ್ತಿದೆ.

ನನಗಿನ್ನೂ ಕೆಲಸ ಸಿಕ್ಕಿಲ್ಲ. ಪ್ರಾರ್ಥನೆಯಲ್ಲಿ ದೊಡ್ಡ ಮಾತುಗಳೂ ಬರುತ್ತಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಎರಡು ನಿಮಿಷ ಸುಮ್ಮನೆ ಕೂರುತ್ತೇನೆ, ಆಮೇಲೆ ಪುಸ್ತಕ ತೆರೆಯುತ್ತೇನೆ. ಕಳೆದ ಭಾನುವಾರ ಅಮ್ಮ ಕರೆಯುವ ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದೆ.