ಏಳು ತಂತಿಯ ಚೌಡಯ್ಯ

ನಮ್ಮ ಬಾಗಲಕೋಟೆ, ಇಳಕಲ್ಲ ಕಡೆ ಹಾಡಿನ ಬೈಠಕ್ ಅಂದ್ರ ಗಾಯಕರ ಆಜೂಬಾಜೂ ತಬಲಾ, ಹಾರ್ಮೋನಿಯಂ. ಮೈಸೂರು ಕಡೆ ಆ ಜಾಗದಲ್ಲಿ ಮೃದಂಗ, ಪಿಟೀಲು. ಆ ಪಿಟೀಲಿನಿಂದಲೇ ದೊಡ್ಡ ಹೆಸರು ಮಾಡಿದವರು ಟಿ. ಚೌಡಯ್ಯ.

1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿ, ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಆಗ ಕಛೇರಿಗೆ ಮೈಕ್ ಇರಲಿಲ್ಲ. ಹಾಡು, ಮೃದಂಗ ಎರಡೂ ಹಿಂದಿನ ಸಾಲಿಗೆ ಮುಟ್ಟುತ್ತಿದ್ದವು. ನಡುವೆ ಪಿಟೀಲು ಕಳೆದೇ ಹೋಗುತ್ತಿತ್ತು. ಚೌಡಯ್ಯ 1927ರ ಹೊತ್ತಿಗೆ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿದರು. ನಾದ ತುಂಬಿ ಬಂತು. ಸ್ಪೀಕರಿಲ್ಲ, ಕರೆಂಟಿಲ್ಲ. ನಮ್ಮ ಲೆಕ್ಕದಾಗ ಪಕ್ಕಾ ಡಿಸೈನ್ ಕೆಲಸ! ಆದರೆ ತಂತಿ ಹೆಚ್ಚಿದಷ್ಟೂ ಶ್ರುತಿ ಕೂಡಿಸೋದು ಕಷ್ಟ.

ಅದರ ಫಲ ಗೊತ್ತಾಗಬೇಕಾದ್ರ ಚೆಂಬೈ ವೈದ್ಯನಾಥ ಭಾಗವತರ್ ಹಾಡುಗಾರಿಕೆಗೆ ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಮೃದಂಗ ಇರೋ ಕಛೇರಿ ಕೇಳ್ರಿ. ಗಾಯಕರು ಮುಂದ ಏನು ಹಾಡ್ತಾರ ಗೊತ್ತಿರಂಗಿಲ್ಲ. ಪಿಟೀಲು ನೆರಳಿನಂತೆ ಬೆನ್ನಿಗಿರಬೇಕು. ಕಲ್ಪನಾಸ್ವರಕ್ಕೆ ಬಂದರೆ ನೆರಳಾಗಿದ್ದರೆ ಸಾಲದು, ಎದುರು ಉತ್ತರ ಕೊಡಬೇಕು. ಮೃದಂಗ ಇಬ್ಬರ ಲೆಕ್ಕವನ್ನೂ ಹಿಡಿದು ಮುಕ್ತಾಯಕ್ಕೆ ಸರಿಯಾಗಿ ಬಂದು ಸೇರಬೇಕು. ಜಾಜ್‌ನ ಪಿಯಾನೊ ಟ್ರಿಯೋದಲ್ಲಿ ಮೆಚ್ಚುವುದೂ ಇಂಥ ಮಾತುಕತೆಯನ್ನೇ. ಪಿಟೀಲು ಕೇಳಿಸದಿದ್ದರೆ ಮೂವರಲ್ಲಿ ಒಬ್ಬರು ಮೂಕ.

ಅದಕ್ಕೇ ನನಗೆ 1957ರ ಸಂಗೀತ ಕಲಾನಿಧಿ ಬಿರುದಿಗಿಂತ ಆ ಮೂರು ತಂತಿ ದೊಡ್ಡವು ಅನಿಸ್ತದ. 1967ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನ ಮಲ್ಲೇಶ್ವರದ ಹತ್ತಿರ ಪಿಟೀಲಿನ ಆಕಾರದಲ್ಲೇ ಚೌಡಯ್ಯ ಸ್ಮಾರಕ ಭವನ ಐತಿ. ಇಂಟರ್‌ವ್ಯೂಗೆ ಹೋದಾಗ ನೋಡಿ ಬರ್ರಿ.